ನಾಲ್ಕು ದಿನದ ಮುಯ್ಯಿ

ಎರಡನೆಯ ದಿನವೂ ಪರಮಾನಂದ ಕರಣೆ ಹಿಡಿದು ಬಂದಾಗ ಕೋಮಲ ಬಾಗಿಲಲ್ಲಿ ಅಡ್ಡ ನಿಂತಳು. ಬಾಗಿಲೆಂದರೆ ಬರೀ ಚೌಕಟ್ಟು. ಹಳೆಯ ಮಣ್ಣಿನ ಗೋಡೆ ಭೀಮಾ ಹೊಳೆಯ ನೀರಿಗೆ ಕುಸಿದಿತ್ತು, ಹೊಸದು ಇನ್ನೂ ಮೊಣಕಾಲೆತ್ತರ.

"ಮನಿಗೊಂದ ದಿನ ಅಂತ ಮಾತಾಗೇತ್ರಿ. ನಮ್ಮನಿದು ನಿನ್ನೆ ಮುಗೀತು."

"ಅಲ್ಲಿ ಅಡ್ಡ ನಿಂತ್ರ ಏನಾತು? ನಾ ಗ್ವಾಡಿ ದಾಟಿ ಬರ್ತೇನಿ," ಎಂದು ಅವನು ದಾಟಿಯೇ ಬಂದ.

ಒಲೆಯ ಮುಂದೆ ಕೂತಿದ್ದ ತಾಯಿ ಗುಂಡವ್ವ ನಕ್ಕಳು. "ಒಳಗ ಬಾರಪ್ಪ, ಚಾ ಆಗೇತಿ."

"ಒಳಗ ಎಲ್ಲೈತಿ ಯವ್ವಾ?" ಎಂದಳು ಕೋಮಲ.

ನಾಲ್ಕು ವರ್ಷದ ಹಿಂದೆ ಯಂಕಂಚಿಯಲ್ಲಿ ಮಳೆಗೆ ಮನೆಗಳು ಬಿದ್ದಾಗ ಈ ಹೊಳೆದಂಡೆಯ ಊರಿನವರು ರೊಟ್ಟಿ ಗಂಟು ಕಟ್ಟಿಕೊಂಡು ಹೋಗಿ ಮಣ್ಣು ಹೊತ್ತಿದ್ದರು. ಈ ಸಲ ಹೊಳೆ ಏರಿದಾಗ ಯಾರೂ ಫೋನ್ ಮಾಡುವ ಮೊದಲೇ ಯಂಕಂಚಿಯ ಟ್ರ್ಯಾಕ್ಟರುಗಳು ಬಂದವು. ಎಂಟು ದಿನ ಅಲ್ಲಿಯ ಶಾಲೆಯಲ್ಲಿ ಇವರ ಊಟ, ನಿದ್ದೆ. ನೀರು ಇಳಿದ ಮೇಲೆ ಅಲ್ಲಿಯ ಹನ್ನೆರಡು ಮಂದಿ ಗೌಂಡಿಗಳು ಗೋಡೆ ಕಟ್ಟಲು ಬಂದರು. ಇದಕ್ಕೆ ಯಾರೂ ಸಹಾಯ ಅನ್ನುವುದಿಲ್ಲ, ಮುಯ್ಯಿ ಅನ್ನುತ್ತಾರೆ. ಆಳಿಗೆ ಆಳು, ದಿನಕ್ಕೆ ದಿನ.

ಪರಮಾನಂದ ಆ ಹನ್ನೆರಡರಲ್ಲಿ ಒಬ್ಬ. ಉಳಿದವರು ಮುಂದಿನ ಮನೆಗೆ ಹೋದರೂ ಇವನು ಮಾತ್ರ ಕೋಮಲಳ ಗೋಡೆ ಬಿಡಲಿಲ್ಲ. ಅವಳು ಬುಟ್ಟಿಯಲ್ಲಿ ಮಣ್ಣು ತಂದು ಸುರಿಯುವಳು, ಅವನು ಒಂದು ಕಣ್ಣು ಮುಚ್ಚಿ ತೂಗುಗುಂಡು ಬಿಟ್ಟು ನೋಡುವನು. ಮುಚ್ಚಿದ ಕಣ್ಣು ತೆರೆದಾಗ ಮಾತ್ರ ಅದು ಗೋಡೆಯ ಕಡೆ ಇರುತ್ತಿರಲಿಲ್ಲ.

"ಗ್ವಾಡಿ ಸೊಟ್ಟ ಆದೀತ್ರಿ," ಎನ್ನುವಳು ಅವಳು.

"ನೆಟ್ಟಗ ಐತಿ. ಕಟ್ಟಾಂವ ಅಷ್ಟ ಸ್ವಲ್ಪ ವಾಲ್ಯಾನ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರಿಲ್ಲದಿದ್ದರೂ.

ಐದನೆಯ ದಿನ ಸಂಜೆ ಗೋಡೆ ಮುಗಿಯಿತು. ಅವನು ಕರಣೆ ತೊಳೆಯುತ್ತ, ತಲೆ ಎತ್ತದೆ ಕೇಳಿದ. "ನನ್ನ ಮದುವಿ ಆಗ್ತೀರೇನು?"

ಕೋಮಲಳ ಎದೆ ಹೂಂ ಅಂದಿತ್ತು. ಬಾಯಿ ಮಾತ್ರ, "ಈಗ ಕೇಳಬ್ಯಾಡ್ರಿ," ಅಂದಿತು.

ಅವನು ಚಾ ಕುಡಿಯದೆ ಹೋದ.

"ಹೂಂ ಅನ್ನಾಕ ಏನಾಗಿತ್ತ ನಿನಗ?" ಗುಂಡವ್ವ ಗದರಿದಳು.

"ಅವ್ರು ಹೆಚ್ಚಿಗಿ ದುಡದ ನಾಕ ದಿನದ ಮುಯ್ಯಿ ನಮ್ಮ ತಲಿಮ್ಯಾಲ ಐತಿ ಯವ್ವಾ. ಇವತ್ತ ಹೂಂ ಅಂದ್ರ ಗ್ವಾಡಿಗೆ ಹೂಂ ಅಂದಂಗ ಆಗ್ತೈತಿ."

"ತೀರಸಾಕ ನಮ್ಮನ್ಯಾಗ ಗಂಡಾಳ ಎಲ್ಲೈತಿ?"

"ನಾ ಇಲ್ಲೇನು?"

ಯಂಕಂಚಿಯ ಹೊಲಗಳಲ್ಲಿ ಹತ್ತಿ ಒಡೆದಾಗ ಕೋಮಲ ಬೆಳಗಿನ ಬಸ್ಸಿಗೆ ಹೋಗಿ ಪರಮಾನಂದನ ಹೊಲದಲ್ಲಿ ಹತ್ತಿ ಬಿಡಿಸಲು ಉಡಿ ಕಟ್ಟಿ ನಿಂತಳು. ಅವನ ತಾಯಿ ಒಂದು ಸಾಲು ತೋರಿಸಿದಳು. ಅವನ ಮುಖ ಮಾತ್ರ ಕಪ್ಪಾಯಿತು.

"ಮುಯ್ಯಿ ತೀರಿಸಿ ಕೈ ತೊಳಕೊಳ್ಳಾಕ ಬಂದೀರೇನು?"

"ತೀರಸಾಕ ಬಂದೇನ್ರಿ."

ಅವನು ದೂರದ ಸಾಲಿಗೆ ಹೋಗಿಬಿಟ್ಟ. ಮೂರು ದಿನವೂ ಹೀಗೇ. ಮಧ್ಯಾಹ್ನ ರೊಟ್ಟಿಗೆ ಕೂತಾಗಲೂ ಅವನು ಬೆನ್ನು ತಿರುಗಿಸಿಯೇ ಕೂತ. ಅವಳ ಬೆರಳ ತುದಿಗಳು ಹತ್ತಿಕಾಯಿಯ ಸಿಪ್ಪೆಗೆ ಗೀರಿಹೋಗಿದ್ದವು. ನಿಜ ಹೇಳಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಅನ್ನಿಸಿತು. ಅಷ್ಟರಲ್ಲಿ ಅವನು ಬೇಸತ್ತು ಮನಸ್ಸು ಬದಲಿಸಿದರೆ? ಆದರೂ ಹೇಳಲಿಲ್ಲ. ಅರ್ಧ ತೀರಿದ ಮುಯ್ಯಿ ತೀರಿದಂತಲ್ಲ.

ನಾಲ್ಕನೆಯ ದಿನ ಹೊತ್ತು ಇಳಿಯುವಾಗ ಅವಳು ಕೊನೆಯ ಉಡಿ ಚೀಲಕ್ಕೆ ಸುರಿದು ಅವನ ಹತ್ತಿರ ಹೋದಳು.

"ನಾಕ ದಿನ ಆತಿಲ್ರಿ?"

"ಆತು. ಇನ್ನ ನಿಮ್ಮದೂ ನಮ್ಮದೂ ಏನೂ ಉಳೀಲಿಲ್ಲ."

"ಏನೂ ಇಲ್ಲ," ಅವಳು ಅವನ ತೋಳಿಗೆ ಅಂಟಿದ್ದ ಹತ್ತಿ ಎಳೆಯೊಂದನ್ನು ತೆಗೆದಳು. "ಈಗ ಕೇಳ್ರಿ."

"ಏನ ಕೇಳ್ಲಿ?"

"ಅವತ್ತ ಕೇಳಿದ್ದನ್ನ. ಅವತ್ತ ನಾ ಸಾಲಗಿತ್ತಿ ಇದ್ದೆ. ಇವತ್ತ ಬರೇ ಕೋಮಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕೇಳಿದ, ಪಿಸುದನಿಯಲ್ಲಿ.

"ಜೋರಾಗಿ ಕೇಳ್ರಿ. ನಿಮ್ಮವ್ವಗೂ ಕೇಳಸ್ಲಿ."

"ನನಗ ಕೇಳಸೇತಿ," ಪಕ್ಕದ ಸಾಲಿನಿಂದ ಅವನ ತಾಯಿ ಎಂದಳು. "ಬಸ್ಸಿನ ಹೊತ್ತಾತು. ಏನ ಹೇಳ್ತೀ ಹೇಳಿಬಿಡವ್ವ."

ಕೋಮಲ ಅವನ ಮುಖ ನೋಡಿಯೇ ಹೂಂ ಅಂದಳು.