ತಲೆ ತಿರುಗುವ ಹಾಡು

ಈ ಕಥೆ ಹೇಳುತ್ತಿರುವ ಅಜ್ಜನಿಗೆ, ಅಂದರೆ ನನಗೆ, ಅರಳುಮರಳು ಎಂದು ಗೊಣಗುವವರು ಮೊದಲು ತಮ್ಮ ಕನ್ನಡಕ ಎಲ್ಲಿದೆ ಅಂತ ಹುಡುಕಿಕೊಳ್ಳಲಿ. ನನಗೆ ಸರಿಯಾಗೇ ನೆನಪಿದೆ, ಆ ಸಾಲು ಹೊಡೆದು ಹಾಕಿದ್ದು ಕೆಂಪು ಶಾಯಿಯಲ್ಲೇ.

ಹೊಡೆದವರು ಮೇಷ್ಟ್ರು. ಸಾಲು ಐದನೇ ಕ್ಲಾಸಿನ ಹುಡುಗಿಯದು. ಮನೆಯಲ್ಲಿ ಅವಳನ್ನು ಮೊಂಡಿ ಅನ್ನುತ್ತಿದ್ದರು. ಸುಮ್ಮಸುಮ್ಮನೆ ಅನ್ನುತ್ತಿರಲಿಲ್ಲ.

ಶಾಲೆಯ ಗೋಡೆಪತ್ರಿಕೆಗೆ ಯಾವುದಾದರೂ ಹೊಸ ಆಲ್ಬಮ್ ಬಗ್ಗೆ ಅಭಿಪ್ರಾಯ ಬರೆಯಬೇಕಿತ್ತು. ಮೊಂಡಿ ತನ್ನ ಚಿಕ್ಕಮ್ಮನ ಆಲ್ಬಮ್ ಬಗ್ಗೆ ಬರೆದಿದ್ದಳು. ಚಿಕ್ಕಮ್ಮ ವಾಷಿಂಗ್ ಮಷೀನ್ ರಿಪೇರಿ ಮಾಡುವವಳು. ಅದರ ಡ್ರಮ್ಮಿನ ಗಿರಗಿರ ಸದ್ದನ್ನೇ ಕಂಪ್ಯೂಟರಿಗೆ ಹಾಕಿ, ಎಳೆದು, ತಿರುಚಿ ಎಂಟು ಹಾಡು ಮಾಡಿದ್ದಳು. ಮಾತೇ ಇಲ್ಲದ ಹಾಡು.

“‘ಕೇಳಿದರೆ ತಲೆ ತಿರುಗುತ್ತದೆ.’ ಏನಮ್ಮಾ ಇದು? ಸ್ವಂತ ಚಿಕ್ಕಮ್ಮನಿಗೇ ಬೈಯೋದಾ? ‘ಸುಮಧುರವಾಗಿದೆ’ ಅಂತ ಬರಿ.”

“ಬೈದಿಲ್ಲ ಸರ್, ಹೊಗಳಿದ್ದೀನಿ. ಜೋಕಾಲಿಯಿಂದ ಇಳಿದ ಮೇಲೂ ನೆಲ ತೂಗುತ್ತಲ್ಲ, ಹಾಗೆ.”

“ಎಲ್ಲರೂ ಸುಮಧುರ ಅಂತಾನೇ ಬರೆದಿದ್ದಾರೆ.”

“ಅವರು ಕೇಳೇ ಇಲ್ಲ ಸರ್. ಹೋದ ವರ್ಷದ್ದು ಕಾಪಿ ಹೊಡೆದಿದ್ದಾರೆ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ತಿದ್ದಿದ್ರೆ ಗೋಡೆಗೆ. ಇಲ್ಲದಿದ್ರೆ ಮನೆಗೆ,” ಎಂದರು ಮೇಷ್ಟ್ರು.

ನಾಳೆ ಗೋಡೆ ನೋಡಲು ಬರುತ್ತೇನೆ ಎಂದು ಚಿಕ್ಕಮ್ಮ ಹೇಳಿದ್ದಳು. ಆದರೂ ಮೊಂಡಿ ಬ್ಯಾಗಿನಿಂದ ಚಿಕ್ಕಮ್ಮನ ಹಳೇ ಪ್ಲೇಯರ್, ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ತಿದ್ದಲ್ಲ ಸರ್. ಮೊದಲು ನೀವು ಕೇಳಿ.”

ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡರು. ಮೊದಲ ನಿಮಿಷ ಮುಖ ಗಂಟು. ಎರಡನೆಯದಕ್ಕೆ ಕಣ್ಣು ಮುಚ್ಚಿತು. ಮೂರನೆಯದಕ್ಕೆ ಕೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಹಾಡು ಮುಗಿದ ಮೇಲೆ, “ನಂಗೆ ಚೂರೂ ಸೇರಲಿಲ್ಲ,” ಎಂದರು.

“ಹಾಗಂತಾನೇ ನೀವೂ ಬರೀರಿ ಸರ್.”

ಮೇಷ್ಟ್ರು ಅವಳನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಕೆಂಪು ಪೆನ್ನನ್ನು ಜೇಬಿಗೆ ಸಿಕ್ಕಿಸಿ ನೀಲಿ ಪೆನ್ನು ತೆಗೆದರು.

ಮರುದಿನ ಗೋಡೆಯ ಮೇಲೆ ಹನ್ನೊಂದು ‘ಸುಮಧುರ’ಗಳಿದ್ದವು. ಮೂಲೆಯಲ್ಲಿ ಮೊಂಡಿಯ ಹಾಳೆ, ಕೆಂಪು ಗೆರೆಯ ಸಮೇತ. ಅದರ ಪಕ್ಕದಲ್ಲೇ ಮೇಷ್ಟ್ರದು: ‘ನನಗೆ ಹಿಡಿಸಲಿಲ್ಲ. ತಲೆ ತಿರುಗಿತು.’

“ಇವರು ಬೈದಿದ್ದಾರೋ ಹೊಗಳಿದ್ದಾರೋ?” ಎಂದಳು ಚಿಕ್ಕಮ್ಮ.

ಮೊಂಡಿ ಆ ಸಾಲನ್ನು ಇನ್ನೊಮ್ಮೆ ಓದಿದಳು.

“ಕೇಳಿದ್ದಾರೆ,” ಎಂದಳು.

ಈ ಕಥೆಯನ್ನು ನಿಮ್ಮ ಪಕ್ಕದ ಮನೆಯವರಿಗೂ ಹೇಳಿ. ಶಾಯಿಯ ಬಣ್ಣ ಮಾತ್ರ ಬದಲಾಯಿಸಬೇಡಿ.