ರಟ್ಟಿನ ಕೋಟೆ ಮತ್ತು ಮಧುಶ್ರೀಯ ಕೈಗುಣ

ದಾಳ ಉರುಳಿತು. ನಾಲ್ಕು.

“ಔಟ್,” ಎಂದ ಅಂಜನ್ ಕುಮಾರ್. ಕೋಟೆಯ ಕೊನೆಯ ಬಾಗಿಲಲ್ಲಿ ನಿಂತಿದ್ದ ಮಧುಶ್ರೀಯ ಸೈನಿಕನನ್ನು ಎರಡೇ ಬೆರಳಲ್ಲಿ ಎತ್ತಿ ಡಬ್ಬಿಗೆ ಹಾಕಿದ. ಸೈನಿಕ ಎಂದರೆ ಒಂದು ಹುಣಸೆ ಬೀಜ. ಮಧುಶ್ರೀಯವು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಬೀಜಗಳು, ಎದುರು ಕೂತಿದ್ದ ಅವಳ ಕ್ಲಾಸಿನ ಅಶ್ವತ್ಥನವು ಉಜ್ಜದ ಕರಿ ಬೀಜಗಳು. ಅವಳ ಮೂವರಲ್ಲಿ ಈಗ ಉಳಿದವನು ಒಬ್ಬನೇ.

ಅಂಜನ್ ಕುಮಾರ್ ಅಶ್ವತ್ಥನ ಅಣ್ಣ, ಪಿಯುಸಿ ಓದುತ್ತಿದ್ದ. ಯಾವುದೋ ದೇಶದವರು ಮೇಜಿನ ಮೇಲೆ ಪುಟಾಣಿ ಸೈನ್ಯ ನಿಲ್ಲಿಸಿ ಯುದ್ಧ ಆಡುವುದನ್ನು ಫೋನಲ್ಲಿ ನೋಡಿ ನೋಡಿ ಅವನಿಗೂ ಹುಚ್ಚು ಹಿಡಿದಿತ್ತು. ಫ್ರಿಜ್ಜಿನ ರಟ್ಟು ಕತ್ತರಿಸಿ, ಎದುರಿಗೇ ಕಾಣುವ ಮಧುಗಿರಿ ಬೆಟ್ಟವನ್ನು ನೋಡಿಕೊಂಡು, ಜಗಲಿಯ ಮೇಲೆ ತಾನೂ ಒಂದು ಬೆಟ್ಟ ಕಟ್ಟಿದ್ದ.

ರೂಲ್ಸೂ ಅವನದೇ. ದಾಳ ಹಾಕಬೇಕು. ಮೂರು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಸೈನಿಕ ಒಂದು ಬಾಗಿಲು ಮೇಲೆ ಹತ್ತುತ್ತಾನೆ. ಒಂದೋ ಎರಡೋ ಬಿದ್ದರೆ ಜಾರಿ ಸಾಯುತ್ತಾನೆ. ಕೊನೆಯ ಬಾಗಿಲು ಮಾತ್ರ ಬಲು ಕಷ್ಟ. ಅಲ್ಲಿಂದ ತುದಿ ಮುಟ್ಟಲು ಐದು ಇಲ್ಲವೇ ಆರೇ ಬೀಳಬೇಕು, ಇಲ್ಲದಿದ್ದರೆ ಸಾವೇ. ಮೊದಲು ತುದಿ ಮುಟ್ಟಿದವರು ಗೆದ್ದ ಹಾಗೆ, ಸೈನಿಕರೆಲ್ಲ ಸತ್ತವರು ಸೋತ ಹಾಗೆ. ದಾಳ ಹಾಕಲು ಭಯವಾದರೆ ಒಂದು ಸರದಿ ಸುಮ್ಮನೆ ಕೂರಬಹುದು, ಆದರೆ ಕೂತಾಗ ಸೈನ್ಯಕ್ಕೆ ಊಟ ಬೇಕು. ಅದಕ್ಕೆ ಇಬ್ಬರಿಗೂ ಒಂದೊಂದು ಬಟ್ಟಲು ಹುರಿಗಡಲೆ. ಕೂತ ಸರದಿಗೆ ಒಂದು ಕಾಳು ತಿನ್ನಬೇಕು. ಕಾಳು ಮುಗಿದರೆ ಕೂರುವ ಹಾಗಿಲ್ಲ, ದಾಳ ಹಾಕಲೇಬೇಕು.

ಮಧುಶ್ರೀ ಇದುವರೆಗೆ ಒಂದು ಕಾಳನ್ನೂ ತಿಂದಿರಲಿಲ್ಲ. ಕೂರುವುದು ಹೆದರುಪುಕ್ಕಲರ ಕೆಲಸ ಎಂದು ಅವಳ ಲೆಕ್ಕ. ಅವಳಿಗೇಕೆ ಭಯ? ಅವಳಿಗೆ ಕೈಗುಣ ಇತ್ತು.

ಇದನ್ನು ಹೇಳಿದವಳು ಅಜ್ಜಿ ಕೆಂಚಮ್ಮ. ಹೊಲದಲ್ಲಿ ಕಡಲೆಕಾಯಿ ಬಿತ್ತುವಾಗ ಮೊದಲ ಬೀಜ ಮಧುಶ್ರೀಯ ಕೈಯಿಂದಲೇ ಬೀಳಬೇಕು. ಬೀದಿಯಲ್ಲಿ ಗಾಡಿ ಇಟ್ಟು ಇಡ್ಲಿ ಮಾರುವ ನರಸಮ್ಮ ದಿನಾ ಬೆಳಗ್ಗೆ ಇವಳಿಂದಲೇ ಬೋಣಿ ಮಾಡಿಸುತ್ತಿದ್ದಳು. ಮೊದಲ ವ್ಯಾಪಾರ ಒಳ್ಳೆಯ ಕೈಯಿಂದ ಆದರೆ ದಿನವೆಲ್ಲ ಚೆನ್ನಾಗಿರುತ್ತದಂತೆ. ಮಧುಶ್ರೀ ಲೆಕ್ಕದಲ್ಲಿ ಅಷ್ಟಕ್ಕಷ್ಟೇ. ಖೋಖೋದಲ್ಲಿ ಎಲ್ಲರಿಗಿಂತ ಮೊದಲು ಔಟ್. ಹಾಡಿನ ಗುಂಪಿನಲ್ಲಂತೂ ಮಿಸ್ಸು ಅವಳಿಗೆ ಬರೀ ತುಟಿ ಅಲ್ಲಾಡಿಸಲು ಹೇಳಿದ್ದರು. ಅವಳದು ಎಂದು ಇದ್ದದ್ದು ಈ ಕೈಗುಣ ಒಂದೇ. ಅದರ ಮೇಲೆ ಅವಳಿಗೆ ಪ್ರಾಣ.

ಅದನ್ನೇ ಈಗ ಪಣಕ್ಕೆ ಇಟ್ಟು ಕೂತಿದ್ದಳು. ನಾಳೆ ನರಸಮ್ಮ ಗಾಡಿ ಬಿಟ್ಟು ಬಸ್ ಸ್ಟ್ಯಾಂಡ್ ಹತ್ತಿರ ಹೋಟೆಲ್ ತೆರೆಯುವವಳಿದ್ದಳು. ಬೋಣಿ ಮಧುಶ್ರೀಯದು. ಕೈಗುಣ ಎಲ್ಲ ಬರೀ ಸುಳ್ಳು ಎಂದು ಅಶ್ವತ್ಥ ನಕ್ಕಿದ್ದಕ್ಕೆ ಇವಳಿಗೆ ಮೈಯೆಲ್ಲ ಉರಿದು, ನಾನು ಸೋತರೆ ನಾಳೆ ನೀನೇ ಬೋಣಿ ಮಾಡು ಎಂದುಬಿಟ್ಟಿದ್ದಳು. ಆಡಿದ ಮಾತು ಬೀದಿಗೆಲ್ಲ ಹಬ್ಬಿ, ಅಜ್ಜಿಯೂ ನರಸಮ್ಮನೂ ಜಗಲಿಗೆ ಬಂದು ಕೂತಿದ್ದರು.

ನರಸಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಡಬ್ಬಿಯೊಳಗಿನ ಬಿಳಿ ಬೀಜಗಳನ್ನು ನೋಡಿದಳು. “ಯಾಕೋ ಇವತ್ತು ಮಗೀನ ಕೈ ಸರಿಗಿಲ್ಲ ಕಣಕ್ಕ,” ಎಂದಳು ಮೆಲ್ಲಗೆ. ಮಧುಶ್ರೀಗೆ ಕೇಳಿಸಿತು.

ಅಶ್ವತ್ಥನ ಕಥೆಯೇ ಬೇರೆ. ಅವನ ಇಬ್ಬರು ಬೆಟ್ಟದ ಬುಡದಲ್ಲೇ ಜಾರಿ ಸತ್ತಿದ್ದರು. ಮೂರನೆಯವನು ಹೇಗೋ ಕೊನೆಯ ಬಾಗಿಲು ತಲುಪಿದ್ದ. ಆಗಿನಿಂದ ಅಶ್ವತ್ಥ ದಾಳ ಮುಟ್ಟಿರಲಿಲ್ಲ. ಪ್ರತಿ ಸರದಿಗೂ ಕೂರುವುದು, ಒಂದು ಕಾಳು ಬಾಯಿಗೆ ಎಸೆದುಕೊಳ್ಳುವುದು. ಯೋಚನೆ ಜಾಸ್ತಿಯಾದಾಗ ಸರದಿ ಇಲ್ಲದಿದ್ದರೂ ಕೈ ಬಟ್ಟಲಿಗೆ ಹೋಗುತ್ತಿತ್ತು. “ಲೇ, ಸೈನ್ಯದ ಊಟ ಕಣ್ಲಾ ಅದು,” ಎಂದು ಅಂಜನ್ ಗದರಿದರೆ, ಒಂದೇ ತಿಂದದ್ದು ಎಂದು ಬಾಯಿ ತುಂಬ ಕಾಳಿಟ್ಟುಕೊಂಡೇ ಹೇಳಿದ.

ಮಧುಶ್ರೀ ಕೊನೆಯ ಸೈನಿಕನನ್ನು ಹತ್ತಿಸತೊಡಗಿದಳು. ಐದು ಬಿತ್ತು. ಆಮೇಲೆ ಮೂರು. ಆಮೇಲೆ ಆರು. ಒಂದೊಂದು ಸಲವೂ ಅಜ್ಜಿ ನೆಟಿಗೆ ಮುರಿದಳು. ಬಿಳಿ ಬೀಜ ಕರಿ ಬೀಜದ ಪಕ್ಕ, ಕೊನೆಯ ಬಾಗಿಲಿಗೆ ಬಂದು ನಿಂತಿತು. ಅಶ್ವತ್ಥ ಗಾಬರಿಯಿಂದ ಇನ್ನೊಂದು ಕಾಳು ತಿಂದು ಕೂತ. ಮತ್ತೆ ಇವಳ ಸರದಿ.

“ಆಕವ್ವ, ನಿನ್ ಕೈಗುಣ ಬಂದ್ಬುಡ್ತು,” ಎಂದಳು ಅಜ್ಜಿ.

ಮಧುಶ್ರೀ ದಾಳ ಎತ್ತಿ ಹಣೆಗೆ ಒತ್ತಿಕೊಂಡು, ಗೊರವನಹಳ್ಳಿಯ ದೇವಿ ಲಕ್ಷ್ಮಮ್ಮನನ್ನು ನೆನೆದಳು. ಇನ್ನೇನು ಬಿಡಬೇಕು, ಆಗ ಅಶ್ವತ್ಥನ ಬಟ್ಟಲು ಕಣ್ಣಿಗೆ ಬಿತ್ತು. ಒಂದು ಕಾಳೂ ಇಲ್ಲ. ತಳದಲ್ಲಿ ಬರೀ ಸಿಪ್ಪೆ.

ಅವಳು ತನ್ನ ಬಟ್ಟಲು ನೋಡಿದಳು. ಭರ್ತಿಯಾಗಿತ್ತು.

ದಾಳವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಐದು, ಆರು. ಗೆಲ್ಲುವ ಮುಖ ಎರಡೇ. ಉಳಿದ ನಾಲ್ಕೂ ಬೀಳಿಸುವ ಮುಖಗಳು. ಈಗ ತಾನು ಹಾಕಿದರೆ ಆ ನಾಲ್ಕು ತನಗೆ. ತಾನು ಕೂತರೆ ಅವನು ಹಾಕಲೇಬೇಕು, ಆ ನಾಲ್ಕು ಅವನಿಗೆ. ಆದರೆ ಅವನಿಗೆ ಆರು ಬಿದ್ದುಬಿಟ್ಟರೆ? ದಾಳವನ್ನೇ ಹಾಕದೆ ಸೋತಳು ಎಂದು ನಾಳೆ ಇಡೀ ಕ್ಲಾಸು ನಗುತ್ತದೆ. ಕೈ ತುರಿಸುತ್ತಿತ್ತು. ಅವಳು ದಾಳ ಕೆಳಗಿಟ್ಟು ಒಂದು ಕಾಳು ಬಾಯಿಗೆ ಹಾಕಿಕೊಂಡಳು.

“ಕೂತ್ಕೊಂಡೆ,” ಎಂದಳು.

ಅಜ್ಜಿಗೆ ತನಗೇ ಅವಮಾನವಾದ ಹಾಗಾಯಿತು. ಕೈಯಲ್ಲಿ ಲಕ್ಷ್ಮಿ ಇಟ್ಟುಕೊಂಡು ಕಡಲೆ ತಿನ್ನುತ್ತಾ ಕೂತರೆ ಹೆಂಗೆ ಎಂದು ಬೈದಳು. ಅಶ್ವತ್ಥನೂ ಅದನ್ನೇ ಹಿಡಿದುಕೊಂಡು ಹಾಕು, ಹಾಕು ಎಂದು ದುಂಬಾಲು ಬಿದ್ದ. ಕೈ ಎಲ್ಲಿ ದಾಳದ ಕಡೆ ಹೋಗಿಬಿಡುವುದೋ ಎಂದು ಮಧುಶ್ರೀ ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೇ ಕೂತಳು.

ಅಶ್ವತ್ಥ ಬಟ್ಟಲಿಗೆ ಕೈ ಹಾಕಿದ. ಬಟ್ಟಲು ಬೋರಲು ಮಾಡಿ ಕುಟ್ಟಿದ. ಒಂದು ಕಾಳು ಸಾಲ ಕೊಡು ಎಂದು ಕೇಳಿದ. ಯುದ್ಧದಲ್ಲಿ ಸಾಲ ಇಲ್ಲ ಎಂದ ಅಂಜನ್. ಕೊನೆಗೆ ಅಶ್ವತ್ಥ ಕಣ್ಣು ಮುಚ್ಚಿಕೊಂಡು ದಾಳ ಎಸೆದ. ಅದು ರಟ್ಟಿನ ಬೆಟ್ಟ ಹಾರಿ, ಜಗಲಿಯಿಂದ ಇಳಿದು, ಕೆಂಚಮ್ಮನ ಚಪ್ಪಲಿಯೊಳಗೆ ಹೋಗಿ ನಿಂತಿತು.

ಎಲ್ಲರೂ ಚಪ್ಪಲಿಯ ಮೇಲೆ ಬಗ್ಗಿದರು. ಮೂರು.

ಕರಿ ಬೀಜ ಡಬ್ಬಿಗೆ ಬಿತ್ತು. ಅಶ್ವತ್ಥನ ಸೈನ್ಯ ಪೂರ್ತಿ ಖಾಲಿ. ಬೆಟ್ಟದ ಮೇಲೆ ಉಳಿದದ್ದು ಬಿಳಿ ಬೀಜ ಒಂದೇ.

ಅಜ್ಜಿ ಮಧುಶ್ರೀಯ ಕೈಯನ್ನು ತೊಡೆಯ ಕೆಳಗಿಂದ ಎಳೆದುಕೊಂಡಳು. ಅದು ಜೋಮು ಹಿಡಿದಿತ್ತು, ಮೇಲೆ ಚಾಪೆಯ ಗೆರೆ ಮೂಡಿತ್ತು. ಅದನ್ನೇ ಕಣ್ಣಿಗೆ ಒತ್ತಿಕೊಂಡಳು. “ನಾ ಯೋಳ್ಲಿಲ್ವಾ ನರಸಮ್ಮ? ಇದು ಕಣಮ್ಮ ಕೈಗುಣ ಅಂದ್ರೆ!”

ನಾನು ದಾಳವನ್ನೇ ಹಾಕಲಿಲ್ಲವಲ್ಲ ಎಂದು ಹೇಳಲು ಮಧುಶ್ರೀ ಬಾಯಿ ತೆರೆದಳು. ಕೇಳುವವರು ಯಾರೂ ಇರಲಿಲ್ಲ.

ಮರುದಿನ ಬೆಳಗ್ಗೆ ಹೊಸ ಹೋಟೆಲಿನಲ್ಲಿ ಅವಳು ಬೋಣಿ ಮಾಡಿದಳು. ನರಸಮ್ಮ ನಾಣ್ಯವನ್ನು ಕಣ್ಣಿಗೆ ಒತ್ತಿಕೊಂಡು, ಮೊದಲ ವಡೆಯನ್ನು ಎಲೆಯಲ್ಲಿಟ್ಟು ಕೊಟ್ಟಳು. ವಡೆ ಸುಡುತ್ತಿತ್ತು. ಮಧುಶ್ರೀ ಅದನ್ನು ತಿನ್ನಲಿಲ್ಲ.

“ಅತ್ತೇ, ಆವತ್ತೊಂದಿನ ಗಾಡೀಲಿ ಇಡ್ಲಿ ಎಲ್ಲಾ ಅಂಗೇ ಉಳ್ಕೊಂಡಿತ್ತಲ್ಲ. ಅವತ್ತೂ ನಾನೇ ತಾನೆ ಬೋಣಿ ಮಾಡಿದ್ದು?”

“ಅವತ್ತು ಮಳೆ ಬಂತಲ್ಲ ಕಣಮ್ಮ,” ಎಂದಳು ನರಸಮ್ಮ, ಬಾಣಲೆಯಿಂದ ಕಣ್ಣು ತೆಗೆಯದೆ.

ಮಾರಾಟವಾದ ದಿನ ಕೈಗುಣ. ಇಡ್ಲಿ ಉಳಿದ ದಿನ ಮಳೆ. ಮಧುಶ್ರೀ ನಿಂತಲ್ಲೇ ಯೋಚಿಸಿದಳು. ಕೈಗುಣ ಸೋತದ್ದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅಜ್ಜಿಯೂ ಇಟ್ಟಿರಲಿಲ್ಲ, ನರಸಮ್ಮನೂ ಇಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ತಾನೂ ಇಟ್ಟಿರಲಿಲ್ಲ. ಅವಳಿಗೆ ಸ್ವಲ್ಪ ದುಃಖವಾಯಿತು.

“ನಾಳೇನೂ ಬೇಗ ಬಾ,” ಎಂದಳು ನರಸಮ್ಮ.

“ನಾಳೆ ಮಳೆ ಬಂದ್ರೆ?”

ನರಸಮ್ಮ ಈಗ ತಲೆಯೆತ್ತಿ ಅವಳನ್ನು ನೋಡಿದಳು. ಏನು ಕೇಳುತ್ತಿದ್ದಾಳೆ ಈ ಹುಡುಗಿ ಎಂಬಂತೆ.

“ಬಂದ್ರೆ ಬರ್ಲಿ. ಛತ್ರಿ ಇಡ್ಕಂಡು ಬಾ. ನೀನು ಬರ್ದಿದ್ರೆ ನಂಗೆ ಬೆಳಗಾದಂಗೇ ಇರಾಕಿಲ್ಲ.”

ಮಧುಶ್ರೀ ಹೋಟೆಲಿನ ಮೆಟ್ಟಿಲ ಮೇಲೆ ಕೂತಳು. ಅಂಗೈಯನ್ನು ಬಿಡಿಸಿ ನೋಡಿಕೊಂಡಳು. ಪೆನ್ನಿನ ಇಂಕು, ವಡೆಯ ಎಣ್ಣೆ. ಬೇರೆ ಏನೂ ಇರಲಿಲ್ಲ. ಆದರೂ ನರಸಮ್ಮ ಮಳೆ ಬಂದರೂ ಬಾ ಎಂದಿದ್ದಳು. ಅವಳಿಗೆ ಯಾಕೋ ನಿನ್ನೆ ಗೆದ್ದಾಗ ಆಗಿದ್ದಕ್ಕಿಂತ ಹೆಚ್ಚು ಖುಷಿಯಾಯಿತು. ಅವಳು ವಡೆ ತಿನ್ನತೊಡಗಿದಳು.