ಹದಿನಾಲ್ಕನೇ ವಾರ್ಡಿನ ಗಗನಧೀರ

ಸೊಂಟದ ಹಗುರಪಟ್ಟಿ ಸಣ್ಣಗೆ ಗುಂಯ್‌ಗುಟ್ಟಿತು. ಅರವತ್ತೇಳರ ಬೋರಲಿಂಗಯ್ಯನವರು ನಲವತ್ತು ಮೆಟ್ಟಿಲುಗಳನ್ನು ಕಾಲೂರಿದರೋ ಇಲ್ಲವೋ ಎಂಬಂತೆ ಏರಿ, ಗಂಗಮಾಳಮ್ಮನ ಬಾಗಿಲಲ್ಲಿ ನಿಂತು, ಮತ ಕೇಳುವವರ ವಾಡಿಕೆಯಂತೆ ಆಕೆಯ ಎರಡೂ ಕೈ ಹಿಡಿದರು.

"ತಾಯೀ, ಈ ಸಲ ನಿಮ್ಮ ಓಟು..."

"ಅಯ್ಯೋ ಶಿವನೇ! ನನ್ನ ಮಂಡಿನೋವು ಎಲ್ಲೋಯ್ತು?" ಎಂದು ಆಕೆ ಕುರ್ಚಿಯಿಂದ ಚಂಗನೆ ಎದ್ದರು.

ಈ ಬೋರಲಿಂಗಯ್ಯನವರೇ ಮೂವತ್ತು ವರ್ಷ ಹಿರೇಕಟ್ಟೆ ನಗರದ 'ಗಗನಧೀರ'ರಾಗಿದ್ದವರು. ನೀಲಿ ಉಡುಪು ತೊಟ್ಟು ಹಾರಿಬಂದು, ಉರಿಯುವ ಕಟ್ಟಡಗಳಿಂದ ಜನರನ್ನು ಎತ್ತಿ ಇಳಿಸುತ್ತಿದ್ದರು. ಆಮೇಲೆ ರಕ್ಷಣಾ ಡ್ರೋನುಗಳು ಬಂದವು, ಇವರಿಗೆ ಹಾರ ಹಾಕಿ ಬೀಳ್ಕೊಟ್ಟರು. ಅಲ್ಲಿಂದ ನಾಲ್ಕು ವರ್ಷ ಯಾರೂ ಅವರನ್ನು ಕರೆದಿರಲಿಲ್ಲ. ತಾನು ಯಾರಿಗೂ ಬೇಡವಾದೆ ಎಂಬ ಕೊರಗಿನಲ್ಲೇ ಅವರು ನಗರಸಭೆ ಚುನಾವಣೆಗೆ ನಿಂತಿದ್ದರು. ಗೆದ್ದರೆ ನಲ್ಲಿ ನೀರಿಗಾದರೂ ಜನ ಹುಡುಕಿಕೊಂಡು ಬರುತ್ತಾರೆ. ಸೋತರೆ ಮತ್ತೆ ಅದೇ ಜಗಲಿ.

ಮಂಡಿ ಸವೆದ ಅವರಿಗಾಗಿ ವಿಜ್ಞಾನಿ ಸುಗುಣಾವತಿ ಹಳೆಯ ಹಾರುಪಟ್ಟಿಯನ್ನೇ ಹಗುರಪಟ್ಟಿಯಾಗಿ ತಿದ್ದಿಕೊಟ್ಟಿದ್ದರು. ಭೂಮಿಯ ಸೆಳೆತವನ್ನು ಅದು ಕಾಲುಭಾಗಕ್ಕೆ ಇಳಿಸುತ್ತಿತ್ತು. ಹಾರಲು ಸಾಲದು, ಮೆಟ್ಟಿಲಿಗೆ ಸಾಕು.

"ಬಿಡಿ ತಾಯಿ, ಇನ್ನೂ ಇಪ್ಪತ್ತು ಮನೆ ಇದೆ," ಎಂದು ಅವರು ಗಂಗಮಾಳಮ್ಮನ ಹಿಡಿತದಿಂದ ಕೈ ಎಳೆದುಕೊಳ್ಳಲು ನೋಡಿದರು.

"ಬಿಡಕ್ಕೆ ಹಿಡ್ಕೊಂಡ್ನಾ? ನಡಿ, ನಾನೂ ಬತ್ತೀನಿ."

ಸಂಜೆ ಪ್ರಯೋಗಾಲಯಕ್ಕೆ ಬಂದಾಗ ಬೋರಲಿಂಗಯ್ಯನವರ ಅಂಗೈ ಕೆಂಪಾಗಿತ್ತು. "ಮೇಡಂ, ಹಿಡಿದೋರು ಯಾರೂ ಕೈ ಬಿಡ್ತಿಲ್ಲ!"

"ಅದು ಸ್ಪರ್ಶವಹನ," ಎಂದರು ಸುಗುಣಾವತಿ. "ಪಟ್ಟಿಯ ಪ್ರಭಾವ ಚರ್ಮದಿಂದ ಚರ್ಮಕ್ಕೆ ಹರಿಯುತ್ತೆ. ಇಲ್ಲದಿದ್ರೆ ಆಗ ಜನರನ್ನ ಹೇಗೆ ಎತ್ಕೊಂಡು ಹಾರ್ತಿದ್ರಿ?"

"ಆಗ ಇಳಿಸಿದ ತಕ್ಷಣ ಓಡಿಹೋಗ್ತಿದ್ರು. ಇನ್ನೊಂದು ಪಟ್ಟಿ ಮಾಡಿ ಅವರಿಗೇ ಕೊಟ್ಬಿಡಿ."

"ಒಳಗಿರೋದು ಉಲ್ಕೆಯ ಹರಳು. ಸಿಕ್ಕಿದ್ದು ಒಂದೇ. ಅದೂ ನಿಮ್ಮ ಮೈಗೆ ಮಾತ್ರ ಒಗ್ಗಿದೆ."

ಮರುದಿನದಿಂದ ಪ್ರಚಾರದ ರೂಪವೇ ಬದಲಾಯಿತು. ಮುಂದೆ ಬೋರಲಿಂಗಯ್ಯನವರು, ಹಿಂದೆ ಕೈಕೈ ಹಿಡಿದ ಮೂವತ್ತು ನಲವತ್ತು ವೃದ್ಧರು, ಜಿಂಕೆಗಳ ಹಾಗೆ ಹಳ್ಳ ದಿಬ್ಬ ಹಾರುತ್ತ ಹೋಗುವರು. ಎದುರಾಳಿ ಚನ್ನವೀರಪ್ಪ ಜೀಪಿನಲ್ಲಿ ಧ್ವನಿವರ್ಧಕ ಹಿಡಿದು, "ಮುದುಕನಿಗೆ ಮತ ಬೇಡ" ಎಂದು ಕೂಗುತ್ತಿದ್ದವನು ಸಾಲಿನ ಕೊನೆ ನೋಡಿ ಧ್ವನಿವರ್ಧಕ ಕೆಳಗಿಳಿಸಿದ. ಅಲ್ಲಿ ಅವನ ತಾಯಿ ಇದ್ದಳು.

"ಗೆಲುವು ಖಚಿತ," ಎಂದರು ಸುಗುಣಾವತಿ. ಬೋರಲಿಂಗಯ್ಯನವರು ಭಾಷಣ ಬರೆದಿಟ್ಟರು.

ಎಣಿಕೆ ಮುಗಿದಾಗ ಅವರಿಗೆ ಬಿದ್ದದ್ದು ಒಂದೇ ಮತ. ಅವರದ್ದೇ.

ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಾಗುತ್ತಲೇ ಜಗಲಿಯೆದುರು ಗಂಗಮಾಳಮ್ಮ ನಿಂತಿದ್ದರು, ಹಿಂದೆ ಇಡೀ ಸಾಲು.

"ಹದಿನೈದು ದಿನ ಕೈ ಹಿಡಿದು ನಡೆದ್ರಿ. ಒಂದು ಓಟು ಹಾಕೋಕೆ ಆಗ್ಲಿಲ್ವಾ?" ಎಂದು ಕೇಳಿದರು ಬೋರಲಿಂಗಯ್ಯನವರು.

"ಎಂಥ ದಡ್ಡ ಕಣಪ್ಪ ನೀನು! ಗೆದ್ದೋನು ಐದು ವರ್ಷ ಮಕ ತೋರಿಸಿದ್ದು ಕಂಡಿದ್ಯಾ? ಬಾಗ್ಲಿಗೆ ಬಂದು ಕೈ ಹಿಡಿಯೋನು ಸೋತೋನೇ. ಅದಕ್ಕೇ ಮಕ್ಳು ಮರಿಗೆಲ್ಲ ಆಣೆ ಹಾಕ್ಸಿ ನಿನ್ನ ಸೋಲ್ಸಿದ್ದು. ನಿನ್ನ ಕಚೇರಿಗೆ ಕಳಿಸಿ ನಾವು ಮಂಡಿ ನೀವ್ಕೊಂಡು ಕೂರಾಣಾ?"

ಬೋರಲಿಂಗಯ್ಯನವರು ಹೆಂಡತಿಯ ಕಡೆ ತಿರುಗಿದರು. "ನೀನೂನಾ, ರುದ್ರಮ್ಮಾ?"

ರುದ್ರಮ್ಮ ಸೆರಗು ಸರಿಮಾಡಿಕೊಂಡರು. "ಯಾಕೆ, ನಂಗೇನು ಮಂಡಿ ಇಲ್ವಾ?"

ಅಷ್ಟರಲ್ಲಿ ಸುಗುಣಾವತಿಯವರ ಕರೆ ಬಂತು. "ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ವಿಧಾನಸಭೆ ಚುನಾವಣೆ ಇದೆ. ಅದರಲ್ಲಿ ಗೆದ್ದೇ ಗೆಲ್ತೀರಿ."

"ಶ್, ಮೆಲ್ಲಗೆ ಮೇಡಂ!" ಎಂದು ಬೋರಲಿಂಗಯ್ಯನವರು ಫೋನಿನಲ್ಲಿ ಪಿಸುಗುಟ್ಟಿದರು. ಗಂಗಮಾಳಮ್ಮ ಆಗಲೇ ಅವರ ಎಡಗೈ ಹಿಡಿದು ಬೀದಿಗೆ ಎಳೆಯುತ್ತಿದ್ದರು. "ಗೆಲ್ಲೋ ಮಾತು ಯಾರಾದ್ರೂ ಕೇಳಿಸ್ಕೊಂಡಾರು!"